ಆರನೆಯ ನುಡಿ

ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಸಭ್ಯತೆಗಾಗಿ ಇನ್ನೊಮ್ಮೆ ಬಾಗಿಲು ತಟ್ಟುವ ಅತಿಥಿಯಂತೆ ಆ ಹಾರ್ಡ್ ಡಿಸ್ಕು ಎರಡು ಸಲ ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು, ಸ್ವಲ್ಪ ಹೊತ್ತು ಕಾದು ಮತ್ತೆ ಟಕ್ ಟಕ್ ಎನ್ನುತ್ತಿತ್ತು. ಸ್ವೆನ್ಬೋರ್ ಪಟ್ಟಣದ ರಿಪೇರಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ ನಿಂತಿದ್ದ ಎಸ್ಕಿಲ್ ಬ್ರಾಮಿಂಗ್‌ಗೆ, ದುಃಖಪಡಬೇಕಾದ ಹೊತ್ತಿನಲ್ಲಿ ತಾನು ಈ ಸದ್ದಿನ ಲಯವನ್ನು ಎಣಿಸುತ್ತಿದ್ದೇನೆಂಬುದು ಅರಿವಾಗಿ ನಾಚಿಕೆಯಾಯಿತು. ಅಂಗಡಿಯ ಒಡತಿ ಸಿಗ್ನೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಒಳಗಿನ ತಟ್ಟೆಯ ಮೇಲೆ ಓದುವ ಮುಳ್ಳು ಬಿದ್ದು ಉದ್ದಕ್ಕೂ ಗೀರಿಬಿಟ್ಟಿದೆಯೆಂದೂ, ದೊಡ್ಡ ಊರಿನ ಪ್ರಯೋಗಾಲಯದವರೂ ಬಿಚ್ಚಿ ನೋಡಿ ಕೈಚೆಲ್ಲಿ ವಾಪಸು ಕಳಿಸಿದ್ದಾರೆಂದೂ, ಬೇಕಿದ್ದರೆ ಕೊನೆಯ ಸಲ ಅದರ ಸದ್ದು ಕೇಳಲಿ ಎಂದು ವಿದ್ಯುತ್ತಿಗೆ ಜೋಡಿಸಿದ್ದೇನೆಂದೂ ಹೇಳಿದಳು. ಅವಳ ಮಾತಿನಲ್ಲಿ ಪಶುವೈದ್ಯರ ಮೃದುತನವಿತ್ತು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ನಕಲು ಎಲ್ಲೂ ಇಟ್ಕೊಂಡಿಲ್ವಾ ನೀವು?"

"ಮರ್ತೇಬಿಟ್ಟೆ," ಎಂದ ಎಸ್ಕಿಲ್. ಎಪ್ಪತ್ತೆರಡು ವರ್ಷದವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆಂದು ಅವನಿಗೇ ಸೋಜಿಗವಾಯಿತು. ಸಿಗ್ನೆ ತಲೆಯಾಡಿಸಿ ತಂತಿ ಕಿತ್ತಳು. ಬಾಗಿಲು ತಟ್ಟುವುದು ನಿಂತಿತು.

ಅವನು ಮರೆತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವನ ದ್ವೀಪದ ಊರು ರುಡ್‌ಕೋಬಿಂಗ್‌ನಲ್ಲಿ ಯಾರಿಗೆ ಐವತ್ತು ತುಂಬಲಿ, ಯಾರ ಮದುವೆಗೆ ಇಪ್ಪತ್ತೈದಾಗಲಿ, ಊಟದ ಮೇಜಿನಲ್ಲಿ ಮೀನಿನ ತಟ್ಟೆ ತೆಗೆದು ಮಾಂಸದ ತಟ್ಟೆ ಇಡುವ ನಡುವೆ ಎಲ್ಲರೂ ಎದ್ದು ಹಾಡುವ ಹಾಡು ಅವನದೇ. ಧಾಟಿ ಎಲ್ಲರಿಗೂ ಗೊತ್ತಿರುವ ಹಳೆಯದು, ಮಾತು ಮಾತ್ರ ಆ ದಿನದ್ದು, ಆ ಮನುಷ್ಯನದು. ಅಚ್ಚು ಹಾಕಿದ ಹಾಳೆಯನ್ನು ಸುರುಳಿ ಸುತ್ತಿ ಪ್ರತಿ ತಟ್ಟೆಯ ಪಕ್ಕ ಇಟ್ಟಿರುತ್ತಾರೆ. ಹಾಡಿಲ್ಲದ ಊಟಕ್ಕೆ ಕರೆದವರ ಬಗ್ಗೆ ಈ ದ್ವೀಪದಲ್ಲಿ ಎರಡು ತಿಂಗಳು ಮಾತಾಡಿಕೊಳ್ಳುತ್ತಾರೆ. ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಎಸ್ಕಿಲ್ ಹೊಗೆಯಾಡಿಸಿದ ಹಾವುಮೀನು, ಒಂದು ಬಾಟಲಿ ಕೆಂಪು ದ್ರಾಕ್ಷಾರಸ, ಇಷ್ಟಕ್ಕೇ ನಾನೂರಕ್ಕೂ ಹೆಚ್ಚು ಹಾಡು ಕಟ್ಟಿಕೊಟ್ಟಿದ್ದ. ಆದರೆ ನಾನೂರು ಮನುಷ್ಯರ ಬಗ್ಗೆ ಹೇಳಲು ನಾನೂರು ಬಗೆಯ ಮಾತು ಇರುವುದಿಲ್ಲವೆಂಬುದು ಐದನೆಯ ವರ್ಷಕ್ಕೇ ಅವನಿಗೆ ತಿಳಿದಿತ್ತು. ಒಬ್ಬನ ತೋಟದ ಮೇಲೆ ಬರೆದ ನುಡಿ, ಹೆಸರು ಬದಲಾಯಿಸಿದರೆ ಇನ್ನೊಬ್ಬನ ತೋಟಕ್ಕೂ ಸರಿಹೊಂದುತ್ತಿತ್ತು. ಹಾಗೆ ಹೊಂದಿಸುತ್ತ ಹೊಂದಿಸುತ್ತ ಅವನೊಂದು ಪಟ್ಟಿ ಮಾಡಿಕೊಂಡಿದ್ದ: ಯಾವ ನುಡಿ ಯಾರ ಮನೆಯಲ್ಲಿ ಹಾಡಲ್ಪಟ್ಟಿತು, ಆ ಮೇಜಿನ ಸುತ್ತ ಯಾರು ಯಾರು ಕೂತಿದ್ದರು, ಮುಂದೆ ಯಾರ ಮನೆಯಲ್ಲಿ ಅದನ್ನು ಹಾಡಿಸಬಾರದು. ಹಾಡುಗಳಿಗಿಂತ ಆ ಪಟ್ಟಿಯೇ ಜಾಣತನದ ಕೆಲಸವಾಗಿತ್ತು. ಅಷ್ಟೇ ಅವಮಾನದ್ದೂ ಆಗಿತ್ತು. ಇನ್ನೊಂದು ನಕಲೆಂದರೆ ತನ್ನ ಮೋಸ ಇನ್ನೊಂದು ಜಾಗದಲ್ಲಿ ಯಾರದೋ ಕಣ್ಣಿಗೆ ಬೀಳಲು ಕಾದು ಕೂತಿರುವುದು ಎಂದರ್ಥ. ಆದ್ದರಿಂದ ಒಂದೇ ಡಿಸ್ಕು, ಒಂದೇ ಮೇಜು, ಒಂದೇ ಬೀಗ.

ಸೇತುವೆ ದಾಟುವ ಬಸ್ಸಿನಲ್ಲಿ ಆ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವನಿಗೆ ಮೊದಲು ಅನ್ನಿಸಿದ್ದು ಹಗುರ. ನಾನೂರು ಹಾಡುಗಳೂ ಆ ಪಟ್ಟಿಯೂ ಒಟ್ಟಿಗೇ ಹೋಗಿವೆ, ಇನ್ನು ತನ್ನನ್ನು ಹಿಡಿಯುವವರಿಲ್ಲ. ಕೆಳಗೆ ಮೇ ತಿಂಗಳ ಜಲಸಂಧಿ ಸೀಸದ ಬಣ್ಣದಲ್ಲಿ ಮಲಗಿತ್ತು. ಆ ಹಗುರದೊಳಗೆ, ಹೊಸ ಚಪ್ಪಲಿಯಲ್ಲಿ ಸಿಕ್ಕ ಮರಳಿನ ಕಾಳಿನಂತೆ, ಬೋದಿಲ್‌ಳ ಹಾಡು ಚುಚ್ಚಿತು. ಹನ್ನೊಂದು ವರ್ಷದ ಹಿಂದೆ ಹೆಂಡತಿಯ ಅರವತ್ತನೆಯ ಹುಟ್ಟುಹಬ್ಬಕ್ಕೆ ಬರೆದದ್ದು, ಆರು ನುಡಿ. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಾಗ ಮನೆಯಲ್ಲಿ ಉಳಿದಿದ್ದ ಒಂದೇ ಹಾಳೆಯನ್ನು ಮಡಚಿ ಅವಳ ಕೈಕೆಳಗೆ ಶವಪೆಟ್ಟಿಗೆಯಲ್ಲಿಟ್ಟಿದ್ದ. ಪಾದ್ರಿ ಅದನ್ನು ನೋಡಿ, ಅದನ್ನು ಇಟ್ಟುಕೊಳ್ಳಬಾರದೇ ಎಂದು ಮೆಲ್ಲಗೆ ಕೇಳಿದ್ದರು. ಕಂಪ್ಯೂಟರಿನಲ್ಲಿದೆ ಎಂದು ಇವನು, ಅಂಗಡಿಯಲ್ಲಿ ಚಿಲ್ಲರೆ ಬೇಡವೆನ್ನುವವನ ಧೋರಣೆಯಲ್ಲಿ, ಹೇಳಿದ್ದ. ಪೆಟ್ಟಿಗೆ ಬೆಂಕಿಗೆ ಹೋಯಿತು. ಆಮೇಲೆ ಒಂದು ಸಲವೂ ಆ ಕಡತವನ್ನು ತೆರೆದು ನೋಡಲಿಲ್ಲ, ಇದೆ ಎಂಬ ಧೈರ್ಯವೇ ಸಾಕಾಗಿತ್ತು. ಈಗ ಬಸ್ಸಿನ ಕಿಟಕಿಗೆ ಹಣೆಯಾನಿಸಿ ಮೊದಲ ನುಡಿಯನ್ನು ನೆನಪಿಸಿಕೊಳ್ಳಲು ಹೊರಟರೆ, ಎದುರುಗಾಳಿಗೆ ಬೆನ್ನು ಬಾಗಿಸದೆ ಸೈಕಲ್ ತುಳಿಯುವ ಹೆಣ್ಣು ಬಂದಳು, ಆದರೆ ಅವಳ ಹೆಸರು ಬೋದಿಲ್ ಎಂದಿರಲಿಲ್ಲ, ಅಂಚೆ ಕಚೇರಿಯ ಇಂಗರ್ಲಿಸೆ ಎಂದಿತ್ತು. ಯಾಕೆಂದರೆ ಹುಟ್ಟುಹಬ್ಬ ಕಳೆದ ಮೂರು ತಿಂಗಳಿಗೇ ಅವನು ಆ ನುಡಿಯನ್ನು ಇಂಗರ್ಲಿಸೆಗೆ ಕೊಟ್ಟಿದ್ದ. ಬೋದಿಲ್‌ಳ ಹಾಡು ಅವನು ಬರೆದದ್ದರಲ್ಲೆಲ್ಲ ಒಳ್ಳೆಯದಾಗಿತ್ತು. ಒಳ್ಳೆಯದನ್ನು ಸುಮ್ಮನಿಡಲು ಅವನ ಕೈಯಲ್ಲಾಗುತ್ತಿರಲಿಲ್ಲ.

ಹಾಗಿದ್ದರೆ, ಎಂದು ಯೋಚನೆ ಬಸ್ಸಿನ ತಿರುವಿನಲ್ಲಿ ತಾನೂ ತಿರುಗಿತು, ಆ ಹಾಡು ಸುಟ್ಟೂ ಹೋಗಿಲ್ಲ, ಗೀರಿಯೂ ಹೋಗಿಲ್ಲ. ಅದು ಊರಿನಲ್ಲಿದೆ, ಬೇರೆಯವರ ಹೆಸರಿನಲ್ಲಿ, ಬೇರೆಯವರ ಮೇಜಿನ ಖಾನೆಗಳಲ್ಲಿ. ಯಾರ ಯಾರ ಮನೆಯೆಂದು ಹೇಳಬಲ್ಲ ಪಟ್ಟಿ ಈಗಿಲ್ಲ. ಹೋಗಿ ಕೇಳಬೇಕು. ಕೇಳಬೇಕಾದರೆ ಯಾಕೆ ಕೇಳುತ್ತಿದ್ದೇನೆಂದು ಹೇಳಬೇಕು. ಅವನಿಗೆ ಭಯವಾಗಬೇಕಿತ್ತು, ಆಯಿತು ಕೂಡ. ಆದರೆ ಭಯದ ಜೊತೆಗೇ, ತನ್ನದೇ ಮನೆಯ ಅಟ್ಟಕ್ಕೆ ಮೊದಲ ಸಲ ಏಣಿ ಹಾಕುವವನ ಕುತೂಹಲವೊಂದು ಅವನನ್ನು ಚೌಕದ ಹತ್ತಿರ ಇಳಿಸಿ, ಮನೆಯ ಕಡೆಗಲ್ಲ, ನಲ್ಲಿ ರಿಪೇರಿಯ ಹೋಲ್ಗರನ ಮನೆಯ ಕಡೆಗೆ ನಡೆಸಿತು. ಹೋಲ್ಗರನ ಹೆಂಡತಿ ಲೋನೆಗೆ ಐವತ್ತು ತುಂಬಿದಾಗ ಎರಡನೆಯ ನುಡಿ ಹೋಗಿತ್ತೆಂಬುದು ಅವನಿಗೆ ಖಚಿತವಾಗಿ ನೆನಪಿತ್ತು.

ಅವರು ಮಧ್ಯಾಹ್ನದ ರೈ ಬ್ರೆಡ್ಡಿನ ಮುಂದೆ ಕೂತಿದ್ದರು. ಹೋಲ್ಗರ್ ಕೂತಲ್ಲಿಂದಲೇ ಕಾಲಿನಿಂದ ಕುರ್ಚಿ ಎಳೆದುಕೊಟ್ಟು, ಕವಿಗಳು ಬಂದರು, ಯಾರೋ ಸತ್ತಿರಬೇಕು ಅಥವಾ ಯಾರಿಗೋ ವಯಸ್ಸಾಗಿರಬೇಕು ಎಂದ. ಲೋನೆ ಬ್ರೆಡ್ಡಿಗೆ ಹಚ್ಚುವ, ಪಿತ್ತಜನಕಾಂಗ ಅರೆದು ಬೇಯಿಸಿದ ಗಟ್ಟಿಯನ್ನು ಇವನ ಕಡೆಗೆ ಸರಿಸಿದಳು. ಡಿಸ್ಕು ಕೆಟ್ಟ ಕತೆಯನ್ನು ಎಸ್ಕಿಲ್ ಹೇಳಿದ. ಹಳೆಯ ಹಾಡುಗಳನ್ನು ಮತ್ತೆ ಕೂಡಿಸುತ್ತಿದ್ದೇನೆ, ನಿಮ್ಮ ಐವತ್ತರ ಹಾಳೆಯಿದ್ದರೆ ಬೇಕು ಎಂದಷ್ಟೇ ಹೇಳಿ ಮಿಕ್ಕದ್ದನ್ನು ನುಂಗಿದ. ಲೋನೆ ಹಾಳೆ ಹುಡುಕಲು ಎದ್ದಾಗ ಅವನು ಆ ಅಡುಗೆಮನೆಯನ್ನು ನೋಡಿದ. ಗೋಡೆಯುದ್ದಕ್ಕೂ ಏಳು ಕಪಾಟುಗಳಿದ್ದವು, ಏಳರ ಬಾಗಿಲೂ ನಾಲ್ಕು ಬೆರಳಿನಷ್ಟು ತೆರೆದಿದ್ದವು. ಹಾಗೆ ಬಿಡುತ್ತಿದ್ದವಳು ಬೋದಿಲ್. ಮೂವತ್ತೆಂಟು ವರ್ಷ ಅವಳ ಹಿಂದೆ ನಡೆದು ಬಾಗಿಲು ಮುಚ್ಚಿದ್ದು ಇವನು. ಮುಚ್ಚುವಾಗ ಬೈದಿದ್ದ, ಒಂದು ಸಲ ಹಣೆಗೆ ಬಡಿದು ರಕ್ತ ಬಂದಾಗ ತಟ್ಟೆಯನ್ನು ನೆಲಕ್ಕೆ ಕುಕ್ಕಿದ್ದ. ಆಮೇಲೆ ಆ ಬಾಗಿಲುಗಳನ್ನೇ ನುಡಿಯಾಗಿಸಿ, ಇವಳು ಯಾವುದನ್ನೂ ಪೂರ್ತಿ ಮುಚ್ಚುವುದಿಲ್ಲ, ಮನೆ ತನ್ನ ಮನಸ್ಸು ಬದಲಾಯಿಸಲಿಕ್ಕೆ ಜಾಗ ಬಿಡುತ್ತಾಳೆ ಎಂದು ಬರೆದು ನಲವತ್ತು ಜನರ ಬಾಯಲ್ಲಿ ಹಾಡಿಸಿದ್ದ.

"ಅದನ್ನೇನು ನೋಡ್ತೀಯ," ಎಂದ ಹೋಲ್ಗರ್. "ಎಲ್ಲಾ ನಿನ್ನ ಕೃಪೆ. ಇವಳು ಮೊದಲು ಕಪಾಟಿನ ಬಾಗಿಲು ದಢಾರ್ ಅಂತ ಹಾಕೋಳು, ಪಕ್ಕದ ಮನೆ ನಾಯಿ ಬೊಗಳ್ತಿತ್ತು. ನೀನು ಹಾಡಲ್ಲಿ ಬರ್ದೆ, ಇವಳು ಯಾವ್ದೂ ಮುಚ್ಚಲ್ಲ ಅಂತ. ಜನ ಎಲ್ಲ ಹೌದು ಹೌದು ಅಂತ ಹಾಡಿದ್ರು. ಮಾರನೇ ದಿನದಿಂದ ಮುಚ್ಚೋದು ನಿಲ್ಲಿಸಿಬಿಟ್ಳು."

"ಅಷ್ಟು ಜನ ಹೇಳ್ದಾಗ ನಂಗೇ ನನ್ನ ಬಗ್ಗೆ ಗೊತ್ತಿಲ್ವೇನೋ ಅನ್ಸ್ತು," ಎಂದಳು ಲೋನೆ ಬಾಗಿಲ ಬಳಿಯಿಂದ. ಅವಳ ಕೈಯಲ್ಲಿ ಹಾಳೆಯಿರಲಿಲ್ಲ. ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ ಎಂದಳು. ಮತ್ತೆ, ನಾಚಿಕೊಂಡು, "ಚೆನ್ನಾಗಿದೆ ಹೀಗೆ. ಗಾಳಿ ಆಡತ್ತೆ," ಎಂದಳು.

ಹೇಳುವ ಹೊತ್ತು ಇದೇ ಎಂದು ಎಸ್ಕಿಲ್‌ಗೆ ಗೊತ್ತಾಯಿತು, ಮತ್ತು ಹೇಳಲಾರೆನೆಂಬುದೂ. ಆ ಬಾಗಿಲುಗಳು ನಿನ್ನವಲ್ಲ ಎಂದರೆ ಲೋನೆ ಎಂಟು ವರ್ಷದಿಂದ ಯಾರಾಗಿ ಬದುಕಿದಂತಾಯಿತು? ಅವನು ಎದ್ದು ಕಾಫಿ ಬೇಡವೆಂದು ಹೊರಟ. ಹೊರಡುವಾಗ ಅಭ್ಯಾಸಬಲದಿಂದ ಹತ್ತಿರದ ಕಪಾಟಿನ ಬಾಗಿಲನ್ನು ಮುಚ್ಚಿದ. ತಕ್ಷಣ ಕೈ ಸುಟ್ಟವನಂತೆ ಮತ್ತೆ ನಾಲ್ಕು ಬೆರಳು ತೆರೆದ. ಹೋಲ್ಗರ್ ನಕ್ಕ.

ಬೀದಿಯಲ್ಲಿ ಹಾಲಿಹಾಕ್ ಹೂವಿನ ಗಿಡಗಳು ಗೋಡೆಯ ಬುಡದ ಕಲ್ಲುಸಂದಿಯಿಂದ ಮೊಣಕಾಲೆತ್ತರಕ್ಕೆ ಬಂದಿದ್ದವು. ಊರಿನ ಒಂದೊಂದು ಬಾಗಿಲೂ ಅವನಿಗೆ ಹಿಂದೆಂದೂ ಇಲ್ಲದಷ್ಟು ಸ್ವಾರಸ್ಯವಾಗಿ ಕಂಡಿತು. ಹಲ್ಲಿನ ವೈದ್ಯನ ಹೆಂಡತಿ, ಬೋದಿಲ್‌ಳ ಹಾಗೆ, ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಲು ಯಾವಾಗ ಕಲಿತಳು? ಆಲೂಗಡ್ಡೆ ಸುಲಿಯುತ್ತ ಯಾವ ದೋಣಿಗೂ ಹೋಗಬೇಕಿಲ್ಲದಿದ್ದರೂ ರೇಡಿಯೋದಲ್ಲಿ ಸಮುದ್ರದ ಹವಾಮಾನ ಕೇಳುವವರು ಈ ಬೀದಿಯಲ್ಲಿ ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಅದನ್ನು ಕೊಟ್ಟಿದ್ದು ತಾನು? ಬೋದಿಲ್ ಒಂದು ಸಲ, ಅದು ಶವಪೆಟ್ಟಿಗೆಗೆ ಎಷ್ಟೋ ಮುಂಚೆ, ಬಟ್ಟೆ ಒಣಗಿಸುತ್ತ ಇವನ ಕಡೆ ತಿರುಗದೆ, ಈ ನಡುವೆ ನೀನು ನನ್ನನ್ನು ನೋಡುವುದೇ ಕಡಿಮೆಯಾಗಿದೆ, ಎಲ್ಲ ಬರೆದುಕೊಂಡು ಮುಗಿಯಿತೇ ಎಂದಿದ್ದಳು. ಅವನು ಅದನ್ನು ತಮಾಷೆಯೆಂದುಕೊಂಡಿದ್ದ. ತಮಾಷೆಯಾಗಿತ್ತೇ? ಬಟ್ಟೆಯ ಕ್ಲಿಪ್ಪು ಅವಳ ಹಲ್ಲುಗಳ ನಡುವೆ ಇದ್ದುದರಿಂದ ಮುಖದಲ್ಲಿ ನಗುವಿತ್ತೋ ಇಲ್ಲವೋ ಹೇಳಲಾಗುತ್ತಿರಲಿಲ್ಲ.

ಕಾರ್ನಾ ಡ್ಯುರ್ಹೂಸ್‌ಳ ಮನೆ ಬಂದರಿನ ಕೊನೆಯಲ್ಲಿತ್ತು. ಮೀನಿನ ಅಂಗಡಿ ನಡೆಸಿ ನಿಲ್ಲಿಸಿದ ಎಂಬತ್ತನಾಲ್ಕರ ವಿಧವೆ, ಬೋದಿಲ್‌ಳ ಗೆಳತಿ, ಊರಿನ ಯಾವ ಊಟವನ್ನೂ ತಪ್ಪಿಸಿದವಳಲ್ಲ. ಎಲ್ಲ ಕಡೆ ಇರುತ್ತಿದ್ದ ಅವಳನ್ನೂ ಬೋದಿಲ್‌ಳನ್ನೂ ಅವನ ಪಟ್ಟಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳು ರೂಬಾರ್ಬ್ ದಂಟು ಹೆಚ್ಚುತ್ತಿದ್ದಳು. ಎಸ್ಕಿಲ್ ಬಾಗಿಲಲ್ಲೇ ನಿಂತು, ಕೂತರೆ ಧೈರ್ಯ ಹೋಗುತ್ತದೆಂದು ನಿಂತೇ, ಎಲ್ಲವನ್ನೂ ಹೇಳಿದ: ಡಿಸ್ಕು, ಪಟ್ಟಿ, ಇಂಗರ್ಲಿಸೆ, ಲೋನೆ, ಹೆಂಡತಿಯ ಹಾಡನ್ನು ಚೂರು ಮಾಡಿ ಊರಿಗೆಲ್ಲ ಹಂಚಿದ್ದು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಗುಟ್ಟು ಒಂದು ದಂಟು ಹೆಚ್ಚುವಷ್ಟರಲ್ಲಿ ಮುಗಿದುಹೋಯಿತು. ಕಾರ್ನಾ ಚಾಕುವನ್ನು ಒರೆಸಿಟ್ಟಳು.

"ಕೂತ್ಕೋಪ್ಪ. ಇದ್ಯಾರಿಗೆ ಗೊತ್ತಿಲ್ಲ ಅಂತ ಹೇಳ್ತಿದೀಯ?"

ಅವಳು ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಳು. ಅದರ ತುಂಬ ಸುರುಳಿಯಾಗಿದ್ದು ಚಪ್ಪಟೆಯಾದ ಹಾಡಿನ ಹಾಳೆಗಳಿದ್ದವು, ತಾನು ಉಂಡ ಪ್ರತಿ ಮೇಜಿನಿಂದ ಎತ್ತಿಕೊಂಡು ಬಂದವು. ನೀನು ಯಾರೂ ಎರಡು ಸಲ ಕೇಳಬಾರದೆಂದು ಪಟ್ಟಿ ಮಾಡಿದ್ದೀಯಂತೆ, ಆದರೆ ಹಾಳೆಯನ್ನು ಮನೆಗೆ ಒಯ್ದು ಓದುವವರಿದ್ದಾರೆಂದು ಲೆಕ್ಕ ಹಾಕಲಿಲ್ಲವಲ್ಲ ಎಂದಳು. ಗಂಡಸರಿಗೆ ಕುಡಿದು ಹಾಡಿದರೆ ಆಯಿತು; ಹೆಂಗಸರು ಮಾರನೆಯ ದಿನ ಓದುತ್ತಾರೆ. ಅವಳು ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆಗಳನ್ನು ತಿರುವುತ್ತ, ಬೇಕಾದ್ದನ್ನು ಎಳೆದು ಮೇಜಿನ ಮೇಲೆ ಒಂದರ ಕೆಳಗೊಂದು ಜೋಡಿಸಿದಳು. ಅವಳ ಕೈ ತಡವರಿಸಲಿಲ್ಲ. ಇಂಗರ್ಲಿಸೆಯ ಸೈಕಲ್. ಲೋನೆಯ ಕಪಾಟು. ಪಾದ್ರಿಯ ಅತ್ತೆಯ ಸಮುದ್ರದ ಹವಾಮಾನ. ಬೇಕರಿಯವಳ ಸಿಟ್ಟು, ಅದು ಬಂದು ಹೋಗುವ ರೀತಿ. ಹಲ್ಲಿನ ವೈದ್ಯನ ಹೆಂಡತಿಯ ಕೊನೆಯ ಪುಟ. ಐದು ಹೆಸರುಗಳ ಹಿಂದೆ ಒಬ್ಬಳೇ ಹೆಂಗಸು ಮೇಲಿನಿಂದ ಕೆಳಗೆ ಎದ್ದು ನಿಂತಳು, ಎಸ್ಕಿಲ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"ಅವಳಿಗೆ ಗೊತ್ತಿತ್ತಾ?"

"ಲೋನೆ ಐವತ್ತರ ದಿನ ನನ್ನ ಪಕ್ಕದಲ್ಲೇ ಕೂತಿದ್ಳು. ಎರಡನೇ ನುಡಿ ಬಂತು ನೋಡು, ಮೊಣಕೈಲಿ ತಿವಿದ್ಳು. ನನ್ನ ಕೋಟು ಊರೆಲ್ಲ ಓಡಾಡ್ತಿದೆ ಕಾರ್ನಾ, ಅಂದ್ಳು. ಇವಳಿಗೆ ಭುಜದ ಹತ್ರ ಸ್ವಲ್ಪ ದೊಗಳೆ, ಅಂದ್ಳು."

"ನಕ್ಕಳಾ?"

ಕಾರ್ನಾ ಲೋನೆಯ ಹಾಳೆಯ ಮುದುರಿದ ಅಂಚನ್ನು ಬೆರಳಿನಿಂದ ನೀವಿದಳು. ಸುಳ್ಳು ಹೇಳಲು ಬೇಕಾದಷ್ಟು ಹೊತ್ತು ಅದಾಗಿತ್ತು, ಆದರೆ ಅವಳು ಅದನ್ನು ಹಾಗೆ ಬಳಸಲಿಲ್ಲ. "ಅವತ್ತು ನಕ್ಳು. ಇಂಗರ್ಲಿಸೆ ಮನೇಲಿ ಮೊದಲ್ನೇ ಸಲ ಕೇಳ್ದಾಗ ನಗ್ಲಿಲ್ಲ. ಕೋಟು ಹಾಕ್ಕೊಳ್ದೆ ಚಳೀಲಿ ಹೊರಗೆ ಹೋಗಿ ನಿಂತ್ಕೊಂಡ್ಳು. ನೀನು ಅಲ್ಲಿ ಎಲ್ಲರ ಹತ್ರ ಭೇಷ್ ಅನ್ನಿಸ್ಕೊಳ್ತಿದ್ದೆ."

ಅವನು ಮೇಜಿನ ಮೇಲಿನ ಹಾಳೆಗಳನ್ನು ನೋಡುತ್ತಲೇ ಇದ್ದ. ಬೋದಿಲ್ ಹೊರಗೆ ಹೋದದ್ದು ಅವನಿಗೆ ನೆನಪಿರಲಿಲ್ಲ. ಅವಳು ಒಳಗೆ ಬಂದಾಗ ಕೆನ್ನೆ ತಣ್ಣಗಿದ್ದಿರಬೇಕು, ತಾನದನ್ನು ಮುಟ್ಟಿರಲಿಕ್ಕಿಲ್ಲ. ಹಾಳೆಗಳನ್ನು ಎಣಿಸಿ, ಐದೇ ಇವೆ, ಆರು ಬೇಕು, ನಿನ್ನ ಬಳಿ ಬೋದಿಲ್‌ಳದೇ ಹಾಳೆ ಇಲ್ಲವೇ ಎಂದು ಕೇಳಿದ. ಇರಬೇಕಿತ್ತು, ಅವತ್ತು ಕಂದು ಸಾಸ್ ಚೆಲ್ಲಿತು, ಹೊಸ ಮೇಜುಬಟ್ಟೆ ಹಾಳಾಗುತ್ತದೆಂದು ಕೈಗೆ ಸಿಕ್ಕಿದ್ದರಿಂದ ಒರೆಸಿಬಿಟ್ಟೆ, ಕೈಗೆ ಸಿಕ್ಕಿದ್ದು ಅದೇ, ಅವತ್ತಿನ ಹಾಳೆಯನ್ನು ಇಷ್ಟು ವರ್ಷ ಬೇರೆ ಯಾರೂ ಇಟ್ಟುಕೊಂಡಿರಲಾರರು ಎಂದಳು ಕಾರ್ನಾ. ಆರನೆಯದು ಯಾರ ಮನೆಗೆ ಹೋಯಿತು ಹೇಳು, ಹುಡುಕೋಣ ಎಂದಳು.

"ಯಾರಿಗೂ ಕೊಡ್ಲಿಲ್ಲ ಅದನ್ನ," ಎಂದ ಎಸ್ಕಿಲ್. "ಅದೊಂದು ಅವಳದೇ ಆಗಿರ್ಲಿ ಅಂತ."

"ಅಯ್ಯೋ ಮಾರಾಯ," ಎಂದಳು ಕಾರ್ನಾ, ಬಹಳ ಸಣ್ಣ ದನಿಯಲ್ಲಿ. "ಕೊಟ್ಟಿದ್ರೆ ಇರ್ತಿತ್ತು."

ರೂಬಾರ್ಬಿನ ಹುಳಿ ವಾಸನೆ ಕೋಣೆಯಲ್ಲಿ ತುಂಬಿಕೊಂಡಿತ್ತು. ಕದ್ದು ಮಾರಿಕೊಂಡದ್ದೆಲ್ಲ ಮೇಜಿನ ಮೇಲೆ ಗಟ್ಟಿಯಾಗಿ ಉಳಿದಿದೆ. ತಾನು ನಿಷ್ಠೆಯಿಂದ ಕಾಪಾಡಿದ ಒಂದೇ ಒಂದು ಅವಳ ಕೈಕೆಳಗೆ ಸುಟ್ಟಿದೆ, ಆ ಡಿಸ್ಕಿನಲ್ಲಿ ಗೀರಿದೆ. ಇದಕ್ಕೆ ಯಾರನ್ನಾದರೂ ದೂರಬಹುದಾಗಿದ್ದರೆ ಸುಲಭವಾಗುತ್ತಿತ್ತು. ಆರನೆಯದರಲ್ಲಿ ಏನಿತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಬಂದರು ಕಚೇರಿಯಲ್ಲಿ ಒಂದು ಬೆಳಿಗ್ಗೆ, ಹಡಗುಗಳಿಲ್ಲದ ಹೊತ್ತಿನಲ್ಲಿ ಬರೆದದ್ದು, ಬರೆದು ಕಿಟಕಿ ತೆರೆದದ್ದು, ಅಷ್ಟೇ. ಕಾರ್ನಾ ಕಣ್ಣು ಮುಚ್ಚಿಕೊಂಡು ಧಾಟಿಯನ್ನು ಹಿಡಿದಳು, ಮಾತು ಬರದವರು ಊಟದ ಮೇಜಿನಲ್ಲಿ ಹಿಡಿಯುವಂತೆ, ಬರೀ ಲಾ ಲಾ ಎಂದು. ಎಂಬತ್ತನಾಲ್ಕರ ಗಂಟಲು, ಮೀನು ಕೂಗಿ ಮಾರಿದ ಗಂಟಲು. ಮೊದಲ ಸಾಲು ಸರಿಯಾಗಿ ಹೋಯಿತು, ಎರಡನೆಯದು, ಮೂರನೆಯದು. ನಾಲ್ಕನೆಯ ಸಾಲಿನಲ್ಲಿ ಅವಳು ಇದ್ದಕ್ಕಿದ್ದಂತೆ ಲಾ ಲಾ ಲಾ ಲಾ ಎಂದು ಓಡಿ, ಏದುಸಿರುಬಿಟ್ಟು, ಮತ್ತೆ ಧಾಟಿಗೆ ಬಂದು ಸೇರಿಕೊಂಡಳು.

"ಅದೇನು?" ಎಂದ ಎಸ್ಕಿಲ್.

"ಏನು?"

"ಅಲ್ಲಿ ಓಡಿದ್ಯಲ್ಲ."

ಕಾರ್ನಾ ಕಣ್ಣು ತೆರೆದಳು. ಅವಳಿಗೂ ಅದು ಈಗಲೇ ತಿಳಿದಂತಿತ್ತು. "ಓಡ್ಬೇಕಾಗಿತ್ತು. ಅವತ್ತು ಕೊನೇ ನುಡೀಲಿ ಎಲ್ಲರೂ ಓಡಿದ್ವಿ ಅಲ್ಲಿ. ಮಾತು ಜಾಸ್ತಿ ಆಗಿತ್ತು, ಧಾಟಿಲಿ ಜಾಗ ಇರ್ಲಿಲ್ಲ. ನಲವತ್ತು ಜನ ಒಬ್ಬರ ಮೇಲೊಬ್ಬರು ಬಿದ್ದಂಗೆ. ಬೋದಿಲ್ ತಲೆ ಎತ್ತಿ ನಿನ್ನ ಕಡೆ ನೋಡಿದ್ಳು."

ಎಸ್ಕಿಲ್ ಕುರ್ಚಿಯ ಅಂಚಿಗೆ ಸರಿದ. ನಾನೂರು ಹಾಡಿನಲ್ಲಿ ಒಂದು ಸಾಲೂ ಅವನಿಂದ ಧಾಟಿ ಮೀರಿರಲಿಲ್ಲ. ಅದು ಅವನ ಒಂದೇ ಹೆಮ್ಮೆ, ಹೊಂದದ ಮಾತನ್ನು ಕತ್ತರಿಸಲು ಅವನು ಎಂದೂ ಎರಡು ಸಲ ಯೋಚಿಸಿದವನಲ್ಲ. ಹಾಗಿದ್ದೂ ಆ ಬೆಳಿಗ್ಗೆ ಯಾವುದೋ ಒಂದು ಮಾತು ಬಂದು, ಜಾಗವಿಲ್ಲವೆಂದು ತಿಳಿದೂ, ಅದನ್ನು ಕತ್ತರಿಸಲಾರದೆ, ನಲವತ್ತು ಜನ ಎಡವಲಿ ಎಂದು ಅವನು ಹಾಗೇ ಬಿಟ್ಟಿದ್ದ. ಯಾವುದದು? ಹೆಸರೇ? ಅಂಥ ಉದ್ದದ ಹೆಸರು ಅವಳಿಗಿರಲಿಲ್ಲ. ಯಾವುದೋ ಊರೇ, ಹೂವೇ, ಅವಳು ಹೇಳಿದ್ದ ಯಾವುದಾದರೂ ಮಾತೇ? ನಾಲ್ಕು ಅಕ್ಷರ ಹೆಚ್ಚಿರಬೇಕು, ಇಲ್ಲ, ಮೂರು. ಅವನು ಬೆರಳನ್ನು ಮೇಜಿನ ಅಂಚಿನ ಮೇಲಿಟ್ಟ.

"ಇನ್ನೊಂದು ಸಲ ಹಾಡು," ಎಂದ.

ಕಾರ್ನಾ ಉಸಿರು ತೆಗೆದುಕೊಂಡು ಮೊದಲಿನಿಂದ ಹಿಡಿದಳು. ಮೂರನೆಯ ಸಾಲು ಮುಗಿಯುತ್ತ ಬಂದಾಗ ಅವನು ಅವಳ ಬಾಯನ್ನೇ ನೋಡುತ್ತ ಮುಂದಕ್ಕೆ ಬಾಗಿದ. ಅವಳು ಓಡಿದಳು, ಈ ಸಲ ಅವನೂ ಜೊತೆಯಲ್ಲಿ ಓಡಿದ.